ಗಂಧಗಾಳಿ ಇಲ್ಲದವಳ ಗಂಟೆಗಳು

ನಿಂಬೆ ಗಿಡ ಮತ್ತೆ ಬೋಳಾಗಿತ್ತು. ನಿನ್ನೆ ಸಂಜೆ ಸಂಗೀತ ಮೇಷ್ಟ್ರು ಕೈಯಾರೆ ಕಟ್ಟಿದ್ದ ನಾಲ್ಕು ಗಾಳಿಗಂಟೆಗಳಲ್ಲಿ ಒಂದೂ ಅಲ್ಲಿರಲಿಲ್ಲ. ಇದು ಮೂರನೇ ಸಲ. ಕಳ್ಳತನ ಹೊರಗಿನವರದಲ್ಲ ಎಂದು ಅವರಿಗೆ ಗೊತ್ತಿತ್ತು. ಕಳ್ಳಿ ಒಳಗೆ ಚಹಾ ಸೋಸುತ್ತಿದ್ದಳು.

ಗಂಟೆ ಬೇಕೆಂದವಳೂ ಅವಳೇ. "ರೀ, ನೀವೇ ಬಂದು ಆರಿಸಿಕೊಡಿ. ನಿಮ್ಮಂಥ ಕಿವಿ ನನಗೆಲ್ಲಿ ಬರಬೇಕು?" ಎಂದು ಹೆಂಡತಿ ಕೇಳಿದಾಗ ಮೇಷ್ಟ್ರು ಉಬ್ಬಿಹೋಗಿದ್ದರು. ಮೂವತ್ತೊಂದು ವರ್ಷ ಅವರ ಪಿಟೀಲನ್ನು 'ಆ ಕುಂಯ್ ಕುಂಯ್' ಎಂದೇ ಕರೆದವಳು ಅಂತೂ ದಾರಿಗೆ ಬಂದಿದ್ದಳು! ಎರಡು ತಿಂಗಳಿಂದ ಬೆಳಗಿನ ಪೇಪರನ್ನೂ ಅವರ ಬಾಯಿಂದಲೇ ಓದಿಸಿ ಕೇಳುತ್ತಿದ್ದಳು. "ನೀವು ಓದಿದ್ರೇನೇ ಚೆಂದ" ಎಂದಿದ್ದಳು. ಅಂದಿನಿಂದ ಮೇಷ್ಟ್ರು ತರಕಾರಿ ದರವನ್ನೂ ರಾಗವಾಗಿ ಓದುತ್ತಿದ್ದರು.

ಅಂಗಡಿಯಲ್ಲಿ ಅವರು ಒಂದೊಂದು ಗಂಟೆಯನ್ನೂ ಕಿವಿಯ ಬಳಿ ಹಿಡಿದು, ಬೆರಳಲ್ಲಿ ತಟ್ಟಿ, ಕಣ್ಣು ಮುಚ್ಚಿ ತಲೆದೂಗಿದರು. ಪಕ್ಕದಲ್ಲಿ ಹೆಂಡತಿಯೂ ಕಣ್ಣು ಮುಚ್ಚಿಕೊಂಡೇ ಕೇಳಿದಳು. ಪಾಪ, ನೋಡಿ ಕಲಿಯುತ್ತಿದ್ದಾಳೆ ಎಂದುಕೊಂಡರು. ಶ್ರುತಿಗೆ ಶ್ರುತಿ ಸೇರುವ ನಾಲ್ಕು ಹಿತ್ತಾಳೆ ಗಂಟೆಗಳನ್ನು ಆರಿಸಿದರೆ, ಅವಳು ಮೂರನ್ನು ವಾಪಸಿಟ್ಟಳು.

"ಎಲ್ಲಾ ಒಂದೇ ಥರ ಕೇಳುತ್ತೆ. ಒಂದರ ಹಾಗೆ ಇನ್ನೊಂದು ಇರಬಾರದು."

ಕೊನೆಗೆ ಬಂದಿದ್ದು ಒಂದು ಹಿತ್ತಾಳೆ, ಒಂದು ಬಿದಿರು, ಒಂದು ಗಾಜು, ಒಂದು ಕಪ್ಪೆಚಿಪ್ಪು. ಅಂಗಡಿಯವನು ಮೇಷ್ಟ್ರ ಮುಖ ನೋಡಿ ಕೂರಲು ಕುರ್ಚಿ ಕೊಟ್ಟ.

ಅವಳು ಅವನ್ನು ಕಟ್ಟಿದ ಜಾಗವಂತೂ ದೇವರಿಗೇ ಪ್ರೀತಿ. ಹಿತ್ತಾಳೆಯದು ಹಿತ್ತಲ ಮೆಟ್ಟಿಲಿಗೆ, ಬಿದಿರು ನಲ್ಲಿಯ ಪಕ್ಕಕ್ಕೆ, ಗಾಜಿನದು ಬಟ್ಟೆ ಒಣಹಾಕುವ ಕಂಬಕ್ಕೆ, ಕಪ್ಪೆಚಿಪ್ಪಿನದು ಹಿಂದಿನ ಗೇಟಿಗೆ. ಗಾಳಿ ಬೀಸಿದರೆ ನಾಲ್ಕು ಕಡೆಯಿಂದ ನಾಲ್ಕು ಅಪಸ್ವರ.

"ಗೇಟಿಗೆ ಯಾರಾದರೂ ಸಂಗೀತ ಕೇಳಿಸ್ತಾರೇನೇ?"

"ಗೇಟು ಎಲ್ಲಿದೆ ಅಂತ ಗೊತ್ತಾಗಬೇಡವಾ?"

"ಮೂವತ್ತು ವರ್ಷದಿಂದ ಅಲ್ಲೇ ಇದೆಯಲ್ಲೇ!"

"ಇನ್ನು ಮುಂದೂ ಅಲ್ಲೇ ಇರಲಿ. ನೀವು ಏನನ್ನೂ ಅಲ್ಲಾಡಿಸಬೇಡಿ."

ಇತ್ತೀಚೆಗೆ ಅವಳದು ಇದೇ ಹಾಡು. ಸ್ಟೂಲನ್ನು ಒಂದು ಗೇಣು ಸರಿಸಿದರೂ ಮನೆ ಹಾರಿಹೋಗುವಂತೆ ಕೂಗುತ್ತಿದ್ದಳು. ಅಂಗಿಯ ಗುಂಡಿ ಹಾಕಲೂ ಬೇಸರವಂತೆ, ದರ್ಜಿಗೆ ಕೊಡಿ ಎನ್ನುತ್ತಿದ್ದಳು. ಮಂಗಳವಾರ ಬಂತೆಂದರೆ ಅಕ್ಕನ ಮನೆ. ಆ ಅಕ್ಕನೇ ತಲೆ ಕೆಡಿಸುತ್ತಿದ್ದಾಳೆ ಎಂದು ಮೇಷ್ಟ್ರು ತೀರ್ಮಾನಿಸಿಬಿಟ್ಟಿದ್ದರು.

ಸಂಗೀತದ ಗಂಧಗಾಳಿ ಇಲ್ಲದ ಹೆಂಗಸಿಗೆ ಈಗ ಸೋತರೆ ಸ್ವಂತ ಹಿತ್ತಲಲ್ಲೇ ಮಾನ ಮೂರಾಬಟ್ಟೆ. ಚಹಾ ಆದ ಮೇಲೆ ಅವಳು ಬಚ್ಚಲಲ್ಲಿ ಬಟ್ಟೆ ಒಗೆಯುವಷ್ಟರಲ್ಲಿ ಮೇಷ್ಟ್ರು ಮತ್ತೆ ನಾಲ್ಕನ್ನೂ ಬಿಚ್ಚಿ ತಂದು ನಿಂಬೆ ಗಿಡಕ್ಕೆ ಸಾಲಾಗಿ ಕಟ್ಟಿದರು. ಮುಳ್ಳು ಚುಚ್ಚಿದರೂ ಲೆಕ್ಕಿಸಲಿಲ್ಲ. ಆಮೇಲೆ ಅಡುಗೆಮನೆಯ ಪರದೆಯ ಹಿಂದೆ ಹೊಟ್ಟೆ ಒಳಗೆಳೆದುಕೊಂಡು ನಿಂತರು. ಅರವತ್ತೆರಡು ವರ್ಷದ ಮನುಷ್ಯ, ಹೆಂಡತಿಯನ್ನು ಹಿಡಿಯಲು ಈ ಅವತಾರ! ಅವರಿಗೇ ನಗು ಬಂತು.

ಅವಳು ಬಟ್ಟೆ ಹರವಿ ಮುಗಿಸಿ, ಖಾಲಿ ಬಕೆಟ್ ಹಿಡಿದು, ಇವರಿಗೆ ಬೆನ್ನು ಹಾಕಿ ನಿಂತಿದ್ದಳು. ಗಾಳಿ ಎದ್ದಿತು. ಗಂಟೆಗಳು ಒಟ್ಟಿಗೆ ನುಡಿದವು. ಅವಳು ತಲೆ ಓರೆಮಾಡಿ ಕೇಳಿದಳು. ಅಬ್ಬಾ, ಕಡೆಗೂ ನಾಟಿತು ಎಂದು ಮೇಷ್ಟ್ರು ಹಿಗ್ಗುವಷ್ಟರಲ್ಲಿ, ಅವಳು ಹೆಜ್ಜೆ ಎಣಿಸುವವಳಂತೆ ನಡೆದು, ಕೈ ಮುಂದೆ ಚಾಚಿ, ನೇರ ನಿಂಬೆ ಗಿಡದೊಳಗೆ ಕೈ ಹಾಕಿದಳು.

"ಸಿಕ್ಕಿಬಿದ್ದೆ!" ಮೇಷ್ಟ್ರು ಹೊರಗೆ ಹಾರಿದರು.

"ಅಮ್ಮಾ!" ಅವಳು ಕೈ ಹಿಂದಕ್ಕೆಳೆದುಕೊಂಡಳು. ಬೆರಳ ತುದಿಯಲ್ಲಿ ರಕ್ತ. "ರೀ, ನಲ್ಲಿ ಎಲ್ಲಿ ಹೋಯ್ತು?"

"ನಲ್ಲಿ?"

ಅವಳು ಇತ್ತ ತಿರುಗಿದಳು. ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದ್ದವು.

"ಬಿದಿರು ಅಂದ್ರೆ ನಲ್ಲಿ ಅಂತ ಕಲಿತಿದ್ದೆ. ನೀವು ಕೆಡಿಸಿದ್ರಿ." ನಿಧಾನವಾಗಿ ಕಣ್ಣು ಬಿಟ್ಟಳು. "ಅಕ್ಕ ಕರ್ಕೊಂಡು ಹೋಗ್ತಿದ್ದಿದ್ದು ಕಣ್ಣಿನ ಡಾಕ್ಟರ ಹತ್ರ. ವರ್ಷದೊಳಗೆ ಪೂರ್ತಿ ಹೋಗುತ್ತಂತೆ. ಮೊದಲೇ ಹೇಳಿದ್ರೆ ನೀವು ಕೂತು ಅಳ್ತೀರಿ. ಕಲಿತಾದ ಮೇಲೆ ಹೇಳೋಣ ಅಂತಿದ್ದೆ."

ತರಕಾರಿ ದರಕ್ಕೆ ರಾಗ ಹಾಕಿದ್ದು ನೆನಪಾಗಿ, ಭೂಮಿ ಬಾಯಿ ಬಿಡಬಾರದೇ ಎನಿಸಿತು ಮೇಷ್ಟ್ರಿಗೆ. ಬಿದಿರಿನ ಗಂಟೆ ಬಿಚ್ಚಿ ನಲ್ಲಿಯ ಪಕ್ಕ ಕಟ್ಟಿದರು. ಗಂಟು ಮೂರು ಸಲ ಜಾರಿತು.

"ನಾನೂ ಒಂದು ಕಟ್ಕೊಳ್ಳಲೇನೇ?" ಮೂಗು ಒರೆಸಿಕೊಂಡು ಕೇಳಿದರು. "ನಾನೆಲ್ಲಿದ್ದೀನಿ ಅಂತ ನಿನಗೆ ಗೊತ್ತಾಗಬೇಡವಾ?"

"ನಿಮಗೆ ಯಾಕ್ರೀ ಗಂಟೆ? ನೀವು ಬಾಯಿ ಮುಚ್ಚಿದ್ದು ಯಾವತ್ತು?"