ಹಿನ್ನೀರಿಗೆ ಬಿದ್ದ ಕೋಲು

ಆಗ ನನಗೆ ಒಂಬತ್ತು ವರ್ಷ. ಮೂವತ್ತು ವರ್ಷದ ಹಿಂದಿನ ಮಾತು, ಆದರೂ ಕೆಸರುನೀರಿನ ವಾಸನೆ ಬಂದರೆ ಮೊಣಕಾಲು ಇಂದಿಗೂ ಸೆಟೆಯುತ್ತದೆ.

ಚಕ್ಕಡಿಯಿಂದ ಬಿದ್ದು ಮುರಿದ ಕಾಲು ಕೂಡಿತ್ತು, ಮೊಣಕಾಲು ಮಾತ್ರ ಮಡಚುತ್ತಿರಲಿಲ್ಲ. ಎದೆಮಟ್ಟದ ನೀರಿನಲ್ಲಿ ನಡೆಸಿರೆಂದು ಎಲುಬು ಕಟ್ಟುವವನು ಹೇಳಿದ್ದ. ಅಪ್ಪನ ಅವ್ವ, ನಮ್ಮ ಆಯಿ, ನನ್ನಂತೆಯೇ ತಾನೂ ಕೋಲೂರಿಕೊಂಡು ಮುನವಳ್ಳಿಯ ಹಿನ್ನೀರಿಗೆ ಕರೆದೊಯ್ದಳು. ಹಳೆಯ ಸೀರೆಯನ್ನು ನನ್ನ ನಡುವಿಗೆ ಬಿಗಿದು ತುದಿ ಹಿಡಿದಳು. ನನ್ನ ಕೋಲನ್ನು ನೀರಿಗೆ ಎಸೆದಳು.

"ಆಯೀ, ಕಾಲು ಭಾಳ ನೋಯಾಕ ಹತ್ತೈತಿ!"

"ನೋಯಲಿ. ಕುಂಟೀನ ಯಾರ ಮಾಡ್ಕೋತಾರ? ನಡೀ, ಇಲ್ಲಾಂದ್ರ ಸೀರಿ ಬಿಡತೇನಿ."

"ಎಮ್ಮಿ ಈಸಾಕ ಹತ್ತೈತಿ ನೋಡ್ರಿ!" ಎಂದು ಬಟ್ಟೆ ಒಗೆಯುತ್ತಿದ್ದ ಹೆಂಗಸರು ನಕ್ಕರು.

ಆಯಿ ನಿಜವಾಗಿಯೂ ಸೀರೆ ಬಿಟ್ಟಳು. ಮುಳುಗಿ ಕಾಲು ಬಡಿದಾಗ ಮೊಣಕಾಲು ಲಟಕ್ಕನೆ ಮಡಚಿತು. ದಂಡೆಗೆ ನಡೆದೇ ಬಂದೆ.

ಮರುದಿನ ಬೆಳಿಗ್ಗೆ ಗೋಡೆ ಹಿಡಿಯದೆ ಎದ್ದು ಹೋಗಿ, ಆಯಿಯ ಕೋಲನ್ನು ಬಚ್ಚಲ ಒಲೆಗೆ ತುರುಕಿದೆ.