ಹಿಟ್ಟಿಗೆ ಗಾಳಿ ತಾಗಬಾರದು

ಬೇಕರಿಯವನು ತೊಟ್ಟಿಯ ಮೇಲಿನ ಬಟ್ಟೆ ಸರಿಸಿ ನೋಡಿದ. ಬ್ರೆಡ್ಡಿಗೆಂದು ಕಲಸಿಟ್ಟ ಹಿಟ್ಟು ಉಬ್ಬುವುದಿರಲಿ, ಮುನಿಸಿಕೊಂಡ ನೆಂಟನಂತೆ ತಳ ಹಿಡಿದು ಕೂತಿತ್ತು. ತಿರುಗಿ ನೋಡಿದರೆ ಕಿಟಕಿ ಹಾರುಹೊಡೆದಿದೆ. ಹೊರಗೆ ಹಲ್ಲು ಕಟಕಟ ಎನ್ನಿಸುವ ಚಳಿ. ಹೆಂಡತಿ ಮಾತ್ರ ಕಿಟಕಿಯ ಸರಳಿಗೆ ಕೆನ್ನೆ ಒತ್ತಿ ನಿಂತಿದ್ದಾಳೆ, ಕುತ್ತಿಗೆಯಿಂದ ಬೆವರಿಳಿಯುತ್ತಿದೆ.

ಹಿಟ್ಟು ಉಬ್ಬುವ ಹೊತ್ತಿನಲ್ಲಿ ಕಿಟಕಿ ತೆಗೆಯಬಾರದು ಎನ್ನುವುದು ಅವನ ಅಪ್ಪನ ಕಾಲದಿಂದಲೂ ಆ ಮನೆಯ ಕಾನೂನು. ಅವಳಿಗೆ ಗೊತ್ತಿಲ್ಲದ್ದೇನಲ್ಲ. ಮದುವೆಯಾದ ಮಾರನೇ ವಾರದಿಂದ ಅವನ ಪಕ್ಕದಲ್ಲೇ ನಿಂತು ನಾದಿದವಳು!

"ನಿನಗೇನು ತಲೆ ಕೆಟ್ಟಿದೆಯಾ?"

"ಹೂಂ, ಕೆಟ್ಟಿದೆ. ಮೈಯೆಲ್ಲ ಬೆಂಕಿ ಬಿದ್ದ ಹಾಗಾಗತ್ತೆ ಅಂದ್ರೆ, ಮೊದಲು ಕಿಟಕಿ ಹಾಕು ಅಂತೀರಿ. ನಿಮಗೆ ಹಿಟ್ಟು ಹೆಚ್ಚೋ, ನಾನು ಹೆಚ್ಚೋ?" ಅವನು ಬಾಯಿ ತೆರೆಯುವುದರೊಳಗೆ ಅವಳೇ ಮುಂದುವರಿಸಿದಳು. "ನಾಳೆಯಿಂದ ನಾನಿಲ್ಲಿ ಕಾಲಿಡಲ್ಲ. ಯಾರನ್ನಾದ್ರೂ ಕೆಲಸಕ್ಕಿಟ್ಕೊಳ್ಳಿ." ಕಡ್ಡಿ ಮುರಿದಂತೆ ಹೇಳಿ ಮಹಡಿ ಹತ್ತಿ ಹೋದಳು.

ಕೆಲಸಕ್ಕೆ ಜನವೇನೋ ಸಿಕ್ಕಾರು. ಆದರೆ ಅವಳಿಲ್ಲದೆ ಆ ಒಲೆಯ ಮುಂದೆ ನಿಲ್ಲುವುದು ಅವನಿಂದಾಗದ ಮಾತು. ಸೀದಾ ತಾಯಿಯ ಕೋಣೆಗೆ ಹೋಗಿ ದೂರು ಬಿಚ್ಚಿದ. "ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತಂತೆ, ಹಾಗಾಗಿದೆ ಅಮ್ಮ ನಮ್ಮ ಕಥೆ. ಮಾತೆತ್ತಿದ್ರೆ ಸಿಟ್ಟು, ಸುಮ್ಮನಿದ್ರೆ ಅಳು. ಈ ಚಳೀಲಿ ಸೆಕೆ ಅಂತಾಳೆ! ನಾನು ಬೇಡವಾಗಿದೀನಿ ಅನ್ಸತ್ತೆ."

"ಅವಳಿಗೆ ಮುಟ್ಟು ನಿಲ್ಲೋ ಕಾಲ ಕಣೋ ದಡ್ಡ," ಎಂದಳು ತಾಯಿ. "ಒಳಗಿಂದ ಝಳ ಎದ್ದು ಬರತ್ತೆ. ನಿದ್ದೆ ಹತ್ತಲ್ಲ. ಸಿಟ್ಟು, ಅಳು ಎಲ್ಲ ಅದರದ್ದೇ. ನಿನ್ನ ಮೇಲಿನದ್ದಲ್ಲ."

"ನೀನೂ ಅದೇ ಒಲೆ ಮುಂದೆ ಇದ್ದವಳು. ನಿನಗೇನೂ ಆಗಲಿಲ್ವಲ್ಲ?"

ತಾಯಿಗೆ ನಗು ಬಂತು. "ಝಳ ಎದ್ದಾಗೆಲ್ಲ ಹಿತ್ತಿಲ ನಲ್ಲಿಯ ಕೆಳಗೆ ತಲೆಯೊಡ್ಡಿ ಬರ್ತಿದ್ದೆ. ಇವತ್ತೂ ತಲೆಗೆ ನೀರಾ ಅಂತ ಅಪ್ಪ ಮಗ ಸೇರಿ ನಗ್ತಿದ್ರಿ. ಕಿಟಕಿ ತೆಗೀರಿ ಅನ್ನೋ ಧೈರ್ಯ ನನಗೆ ಬರಲಿಲ್ಲ. ನಿನ್ನ ಹೆಂಡತಿಗೆ ಬಂತು, ಪುಣ್ಯ."

ಅಮ್ಮನ ಒದ್ದೆ ಕೂದಲು ಅವನ ಕಣ್ಣಿಗೆ ಕಟ್ಟಿತು. ಜೋರಾಗಿ ನಕ್ಕವನು ತಾನೇ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮರುದಿನ ಬೆಳಿಗ್ಗೆ ಕೆಳಗಿನಿಂದ ದಡಬಡ ಸದ್ದು ಕೇಳಿ, ಕಾಲಿಡುವುದಿಲ್ಲ ಎಂದವಳು ಹೊಸ್ತಿಲವರೆಗೆ ಬಂದಳು. ಕಿಟಕಿಗಳೆಲ್ಲ ತೆರೆದಿವೆ. ಒಂದರ ಮೇಲೊಂದು ಸ್ವೆಟರ್ ಏರಿಸಿ, ಉಣ್ಣೆಯ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡ ಗಂಡ ಗಡಗಡ ನಡುಗುತ್ತಾ ಮೇಜು ಒರೆಸುತ್ತಿದ್ದಾನೆ. ಒಲೆಯ ಗೋಡೆಗೆ ತಾಗಿಸಿಟ್ಟ ತೊಟ್ಟಿಗೆ ಅವರಿಬ್ಬರ ದಪ್ಪ ರಗ್ಗು ಹೊದಿಸಿದೆ.

"ಹಿಟ್ಟು?" ಎಂದಳು.

"ಮಲಗಿದೆ. ಮೆಲ್ಲಗೆ ಮಾತಾಡು."

ಅವಳಿಗೆ ನಗುವೂ ಬಂತು, ಅಳುವೂ ಬಂತು. ಯಾವುದು ಮೊದಲು ಎಂದು ತಿಳಿಯದೆ ಸುಮ್ಮನೆ ಬಂದು ಅವನ ಪಕ್ಕದಲ್ಲಿ ನಿಂತಳು. ಅವನಿಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ತಾಯಿ ಕೋಲೂರಿಕೊಂಡು ಬಂದು ಕಿಟಕಿಯ ಕೆಳಗಿನ ಬೆಂಚಿನ ಮೇಲೆ ಕೂತಳು. ಬಿಳಿಗೂದಲು ಗಾಳಿಗೆ ಹಾರಾಡಿತು.

"ಅಮ್ಮ, ಶೀತ ಆಗತ್ತೆ," ಎಂದು ಮಗ ಓಡಿಬಂದು ಆ ಒಂದು ಕಿಟಕಿಗೆ ಕೈ ಹಾಕಿದ.

ತಾಯಿ ಅವನ ಮುಂಗೈ ಹಿಡಿದು ತಡೆದಳು. "ಇರಲಿ ಬಿಡೋ. ನನ್ನ ಪಾಲಿನ ಗಾಳೀನೂ ಸ್ವಲ್ಪ ಬಾಕಿ ಇದೆ."