ಕೆಂಚು ಮೀಸೆ

ನಡಿಗೆ ಶುರುವಾಗಲು ಇನ್ನೂ ಹತ್ತು ನಿಮಿಷವಿರುವಾಗ ಮೊರೀನ್ ಕೈಚೀಲದಿಂದ ಒಂದು ಫೋಟೋ ತೆಗೆದು ಲೂರ್ಡೆಸಳ ಮುಂದೆ ಹಿಡಿದಳು. ಅಗ್ನಿಶಾಮಕ ದಳದ ಅಂಗಿ ತೊಟ್ಟ ಹುಡುಗ, ಕೆಂಚು ಕೂದಲು, ನುಣ್ಣಗೆ ಕ್ಷೌರ ಮಾಡಿದ ಮುಖ.

"ನನ್ನ ತಮ್ಮ, ಡೆನಿಸ್. ಈ ಮುಖಕ್ಕೊಂದು ಮೀಸೆ ಅಂಟಿಸ್ಕೊಂಡು ನೋಡಿ. ನಿಮ್ಮ ಕಥೇಲಿ ಬರೋನು ಇವನೇ ಅಲ್ವಾ?"

ಲೂರ್ಡೆಸ್ ತಿನ್ನುತ್ತಿದ್ದ ಬೆಣ್ಣೆ ಬನ್ನನ್ನು ಕಾಗದದಲ್ಲಿ ಸುತ್ತಿಟ್ಟಳು.

ವಿಮಾನಗಳು ಬಡಿದು ಅವಳಿ ಗೋಪುರಗಳು ಉರುಳಿದ ಜಾಗದ ಸುತ್ತ ಜನರನ್ನು ಕರೆದುಕೊಂಡು ಹೋಗಿ ಆ ದಿನದ ಕಥೆ ಹೇಳುವ ಈ ಕೆಲಸ ಜೋಡಿಯಲ್ಲಿ ನಡೆಯುವಂಥದ್ದು. ಒಬ್ಬರು ಬದುಕಿ ಹೊರಬಂದವರು, ಇನ್ನೊಬ್ಬರು ತಮ್ಮವರನ್ನು ಅಲ್ಲೇ ಕಳಕೊಂಡವರು. ಮೊದಲನೆಯವರು ನಿಲ್ಲಿಸಿದಲ್ಲಿಂದ ಎರಡನೆಯವರು ಹಿಡಿಯಬೇಕು. ಹದಿನಾರು ವರ್ಷದಿಂದ ಲೂರ್ಡೆಸಳ ಜೋಡಿಯಾಗಿದ್ದ ಗಸ್ ಮಂಡಿ ಆಪರೇಷನ್ ಮಾಡಿಸಿಕೊಂಡು ಮಲಗಿದ್ದ. ನಾನಿಲ್ಲ ಅಂತ ಎರಡು ಗಂಟೆ ಕೊರೀಬೇಡ, ಪಾಪ ಆ ಜನ ಮನೆಗೆ ಹೋಗೋದು ಬೇಡ್ವಾ ಎಂದು ಹಿಂದಿನ ದಿನ ಫೋನಿನಲ್ಲೇ ಕಿಚಾಯಿಸಿದ್ದ. ಅವನ ಜಾಗಕ್ಕೆ ಕೊಲ್ಲಿಯಾಚೆಯ ಸ್ಟೇಟನ್ ಐಲೆಂಡಿನಿಂದ ಫೆರಿ ದೋಣಿ ಹತ್ತಿ ಬಂದವಳು ಈ ಮೊರೀನ್. ತಾನಾಗಿಯೇ ಕೇಳಿಕೊಂಡು ಬಂದಿದ್ದಳಂತೆ. ಈ ಬೇಸಿಗೆಯಲ್ಲಿ ಮೂರು ಸಲ, ಟೋಪಿ ಹಣೆಯವರೆಗೆ ಎಳೆದುಕೊಂಡು, ಗುಂಪಿನ ಹಿಂದೆ ನಿಂತು ಲೂರ್ಡೆಸ್ ಹೇಳುವ ಕಥೆಯನ್ನು ಕೇಳಿಕೊಂಡು ಹೋಗಿದ್ದಳಂತೆ.

ಆ ಕಥೆಯಲ್ಲಿ, ಲೂರ್ಡೆಸ್ ಇಳಿದು ಬರುವಾಗ ಇಪ್ಪತ್ತೆರಡನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ, ಹೆಗಲ ಮೇಲೆ ನೀರಿನ ಪೈಪು ಹೊತ್ತು ಮೇಲೆ ಹತ್ತುತ್ತಿದ್ದ ಹುಡುಗನೊಬ್ಬ ಸಿಗುತ್ತಾನೆ. ಬೆವರಿನಲ್ಲಿ ತೊಯ್ದ ಕೆಂಚು ಮೀಸೆ. ಹೆದರಿ ಇಳಿಯುತ್ತಿದ್ದವರನ್ನು ನೋಡಿ ಕಣ್ಣು ಹೊಡೆದು ನಗುತ್ತಾನೆ. ಕೇಳಿದ ಶಾಲೆಯ ಮಕ್ಕಳು ಬಾಕಿಯೆಲ್ಲ ಮರೆತರೂ ಆ ಮೀಸೆಯನ್ನು ಮರೆಯುತ್ತಿರಲಿಲ್ಲ.

ಗೋಪುರಗಳು ಉರುಳುವ ಹಿಂದಿನ ತಿಂಗಳು, ಆಗಸ್ಟಿನಲ್ಲಿ, ಡೆನಿಸ್ ಮೊರೀನಳಿಗೆ ಫೋನ್ ಮಾಡಿ, ಮೀಸೆ ಬಿಟ್ಟಿದ್ದೀನಿ, ಅಮ್ಮನ ಹುಟ್ಟುಹಬ್ಬಕ್ಕೆ ಬಂದು ತೋರಿಸ್ತೀನಿ ಅಂದಿದ್ದನಂತೆ. ನಮ್ಮ ಮನೆ ಗಂಡಸರು ಮೀಸೆ ಬಿಟ್ಟರೆ ಸವೆದ ಪೊರಕೆ ಥರ ಕಾಣ್ತಾರೆ ಎಂದು ಇವಳು ರೇಗಿಸಿದ್ದಳಂತೆ. ಹುಟ್ಟುಹಬ್ಬವಿದ್ದದ್ದು ವಿಮಾನಗಳು ಬಡಿದ ನಾಲ್ಕು ದಿನಕ್ಕೆ.

"ಒಂದು ಫೋಟೋನೂ ಇಲ್ಲ," ಎಂದಳು ಮೊರೀನ್. "ಠಾಣೇಲಿ ದಿನಾ ನೋಡ್ತಿದ್ದೋರು ಅವನ ಜೊತೇಗೇ ಮೇಲೆ ಹೋದ್ರು. ಉಳಿದಿರೋದು ನೀವೊಬ್ರೇ. ಒಂದೇ ಒಂದು ಹೇಳಿ. ಒಪ್ತಿತ್ತಾ ಅವನಿಗೆ?"

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಅಷ್ಟರಲ್ಲಿ ಜನ ಸೇರಿದ್ದರು. "ಆ ಜಾಗಕ್ಕೆ ಬಂದಾಗ ಹೇಳ್ತೀನಿ" ಎಂದು ಲೂರ್ಡೆಸ್ ಬೇಗಬೇಗ ಮುಂದೆ ನಡೆದಳು.

ಯಾಕೆಂದರೆ ಆ ಮೀಸೆ ಅವಳದಲ್ಲ. ಅದು ಸಿಲ್ವಿಯೋನದು. ಬದುಕಿ ಬಂದವರು ಬುಧವಾರ ಬುಧವಾರ ಚರ್ಚಿನ ನೆಲಮಾಳಿಗೆಯಲ್ಲಿ ಸೇರುತ್ತಿದ್ದಾಗ, ಇನ್ನೊಂದು ಮೆಟ್ಟಿಲ ದಾರಿಯಲ್ಲಿ ಇಳಿದಿದ್ದ ಸಿಲ್ವಿಯೋ ತಾನು ಕಂಡ ಆ ಮೀಸೆಯ ಹುಡುಗನ ಬಗ್ಗೆ ಹೇಳಿದ್ದ. ಮೊದಮೊದಲು ಲೂರ್ಡೆಸ್ "ಸಿಲ್ವಿಯೋ ಅನ್ನೋರು ನೋಡಿದ್ರಂತೆ" ಅಂತಲೇ ಹೇಳುತ್ತಿದ್ದಳು. ಆದರೆ ಪ್ರತಿ ಗುಂಪಿನಲ್ಲೂ ಯಾರಾದರೊಬ್ಬರು, ನೀವು ಯಾರ ಮುಖ ನೋಡಿದಿರಿ ಎಂದು ಕೇಳುತ್ತಿದ್ದರು. ಯಾವ ವರ್ಷ ಸಿಲ್ವಿಯೋನ ಹೆಸರು ಕಥೆಯಿಂದ ಜಾರಿತೋ ಅವಳಿಗೇ ಗೊತ್ತಿಲ್ಲ. ಅವನು ಫ್ಲಾರಿಡಾಕ್ಕೆ ಹೋಗಿ ಅಲ್ಲೇ ತೀರಿಕೊಂಡ. ಈಗ ಕಣ್ಣು ಮುಚ್ಚಿದರೆ ಕೆಂಚು ಮೀಸೆ ಅವಳಿಗೇ ಕಾಣುತ್ತದೆ, ಒಂದೊಂದು ಕೂದಲೂ.

ಸತ್ತವರ ಹೆಸರು ಕೆತ್ತಿದ ಕೊಳದ ಕಟ್ಟೆಯ ಬಳಿ ಮೂವತ್ತು ಜನ ಅರ್ಧ ಸುತ್ತಾಗಿ ನಿಂತರು. ಲೂರ್ಡೆಸ್ ಕಟ್ಟಡ ನಡುಗಿದ್ದನ್ನು ಹೇಳಿದಳು, ಸುಟ್ಟ ಎಣ್ಣೆಯ ವಾಸನೆಯನ್ನು ಹೇಳಿದಳು, ಮಹಡಿಗಳನ್ನು ಒಂದೊಂದಾಗಿ ಇಳಿಯುತ್ತಾ ಬಂದಳು. ಇಪ್ಪತ್ತೆರಡು ಬಂತು. ಮೊರೀನ್ ಫೋಟೋವನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹತ್ತಿರ ಬಂದಳು.

"ಇಲ್ಲಿ ನಾನು ಒಬ್ಬ ಹುಡುಗನ ಕಥೆ ಹೇಳ್ತಿದ್ದೆ," ಎಂದಳು ಲೂರ್ಡೆಸ್. "ಅವನ್ನ ನಾನು ನೋಡಿಲ್ಲ. ನೋಡಿದ್ದು ನನ್ನ ಸ್ನೇಹಿತ ಸಿಲ್ವಿಯೋ. ಅವನ ಬಾಯಲ್ಲಿ ಕೇಳಿ, ನಾನೂ ಹೇಳೀ ಹೇಳೀ, ನನ್ನದೇ ಅನ್ಕೊಂಡ್‌ಬಿಟ್ಟೆ. ತಪ್ಪಾಯ್ತು, ತಾಯಿ."

ಕೊನೆಯ ಮಾತು ಗುಂಪಿಗೆ ಹೇಳಿದ್ದಲ್ಲ. ಮೊರೀನ್ ಕೈಯಲ್ಲಿದ್ದ ಫೋಟೋವನ್ನು ಒಮ್ಮೆ ನೋಡಿದಳು. ಅವಳು ಕೇಳಿದಳು: "ಮತ್ತೆ ನೀವು ನೋಡಿದ್ದೇನು?"

"ನಾನು ತಲೇನೇ ಎತ್ತಲಿಲ್ಲ. ನಾನು ಬಿದ್ರೆ ಹಿಂದಿನೋರೆಲ್ಲ ನನ್ನ ಮೇಲೆ ಬೀಳ್ತಾರೆ ಅಂತ ಮೆಟ್ಟಿಲನ್ನೇ ನೋಡ್ಕೊಂಡು ಇಳಿದೆ. ಕಂಡಿದ್ದು ಬೂಟುಗಳು, ಅಷ್ಟೇ. ಮೇಲೆ ಹತ್ತಿ ಬರ್ತಿದ್ದ ಬೂಟುಗಳು. ಜಾಗ ಇಕ್ಕಟ್ಟು. ಒಂದೊಂದು ಜೋಡೀನೂ ನನ್ನ ಹತ್ರ ಬಂದಾಗ ಗೋಡೆಗೆ ಸರಿದು ನಿಲ್ತಿತ್ತು. ನಾನು ದಾಟಿದ ಮೇಲೇ ಮುಂದಿನ ಮೆಟ್ಟಿಲು ಹತ್ತಿದ್ದು."

ಕೊಳದೊಳಕ್ಕೆ ನೀರು ಬೀಳುತ್ತಲೇ ಇತ್ತು. ಇವಳು ಈಗ ನನಗೆ ಬೆನ್ನು ತಿರುಗಿಸಿ ಫೆರಿಯ ಕಡೆ ಹೊರಟುಬಿಡುತ್ತಾಳೆ ಎಂದು ಲೂರ್ಡೆಸ್ ಕಾದಳು. ಮೊರೀನ್ ಫೋಟೋವನ್ನು ಕೈಚೀಲಕ್ಕೆ ಹಾಕಿದಳು. ಜಿಪ್ಪು ಅರ್ಧದಲ್ಲಿ ಸಿಕ್ಕಿಕೊಂಡಿತು. ಎಳೆದು ನೋಡಿ ಹಾಗೇ ಬಿಟ್ಟಳು. ಇನ್ನು ಸರದಿ ಅವಳದು. ಗುಂಪಿನ ಕಡೆ ತಿರುಗಿದಳು.

"ನನ್ನ ತಮ್ಮ ಡೆನಿಸನದು," ಎಂದು ಶುರು ಮಾಡಿದಳು, "ಹನ್ನೆರಡನೇ ನಂಬರಿನ ಬೂಟು."